ಹೊಟ್ಟೆ ಹುಣ್ಣು: ಖಾರ ಬಿಡುವ ಮುಂಚೆ ನೋವಿನ ಗುಳಿಗೆ ಲೆಕ್ಕ ಹಾಕಿ

ಅಲ್ಸರ್ ಅಂತ ಗೊತ್ತಾದ ದಿನವೇ ಮನೆಯಲ್ಲಿ ರಂಜಕ, ಶೇಂಗಾ ಹಿಂಡಿ ಬಂದ್ ಆಗಿ ಹಾಲು, ಮೊಸರನ್ನ ಶುರುವಾಗುತ್ತದೆ. ಸ್ವಲ್ಪ ದಿನ ಹಾಯೆನಿಸಿ ಉರಿ ಮತ್ತೆ ಹಾಜರ್. ಖಾರ ಉರಿಯನ್ನು ಕೆಣಕಬಹುದು, ಆದರೆ ಹುಣ್ಣು ಮಾಡುವ ತಾಕತ್ತು ಅದಕ್ಕಿಲ್ಲ. ಹೆಚ್ಚಿನ ಹುಣ್ಣುಗಳ ಹಿಂದೆ ಇರುವ ಕಾರಣ ಎರಡೇ: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಗುಳಿಗೆ. ಕೆಲವರಲ್ಲಿ ಎರಡೂ ಇರುತ್ತವೆ.

ಈ ಬ್ಯಾಕ್ಟೀರಿಯಾವನ್ನು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಬೆಳೆಸಿ ತೋರಿಸಿದರು. 2005ರಲ್ಲಿ ನೊಬೆಲ್ ಬಂತು. ಈ ಶೋಧಕ್ಕೆ ಮುಂಚೆ ಡಾಕ್ಟರರೂ ಚಿಂತೆಯನ್ನು, ಖಾರವನ್ನು ದೂರುತ್ತಿದ್ದರು. ಇದು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಮನೆಯವರಿಂದ, ಕೊಳಕು ನೀರಿನಿಂದ ಅಂಟಿ, ಜಠರದ ಲೋಳೆಯ ಪದರದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಬಹಳ ಜನರಿಗೆ ಏನೂ ತೊಂದರೆ ಕೊಡುವುದಿಲ್ಲ. ಕೆಲವರಲ್ಲಿ ಪದರ ತೆಳ್ಳಗಾಗಿ, ಆಸಿಡ್ ಒಳಗಿನ ಮಾಂಸಕ್ಕೆ ತಾಗಿ ಹುಣ್ಣಾಗುತ್ತದೆ.

ನೋವಿನ ಗುಳಿಗೆಯ ದಾರಿ ಬೇರೆ. ಆ ಪದರ ಕಟ್ಟಲು ದೇಹ ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನೇ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ತಡೆಯುತ್ತವೆ. ಇದು ರಕ್ತದ ಮೂಲಕ ನಡೆಯುವ ಕೆಲಸ. ಹಾಗಾಗಿ "ಗುಳಿಗೆ ಬೇಡ, ಸೂಜಿ ಮಾಡಿ" ಅಂದರೂ ಹೊಟ್ಟೆ ಬಚಾವ್ ಆಗುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ಮಾಡುವಾಗ ಸೊಂಟ, ಮೊಣಕಾಲು ಹಿಡಿದರೆ ಮೆಡಿಕಲ್‌ನಿಂದ ಕಾಗದದಲ್ಲಿ ಸುತ್ತಿದ ಸೆಟ್ ಗುಳಿಗೆ ತರುವ ರೂಢಿ ಇದೆಯಲ್ಲ, ಅಸಲಿ ತೊಂದರೆ ಅಲ್ಲಿದೆ. ಸ್ಟ್ರಿಪ್ ಕತ್ತರಿಸಿದ್ದರಿಂದ ಹೆಸರು ಕಾಣುವುದಿಲ್ಲ. ಅದರಲ್ಲಿ ಡೈಕ್ಲೋಫೆನಾಕ್ ಜೊತೆ ಸ್ಟೀರಾಯ್ಡ್ ಇದ್ದರೆ ಹುಣ್ಣಿನಿಂದ ರಕ್ತ ಒಸರುವ ಅಪಾಯ ಹಲವು ಪಟ್ಟು ಏರುತ್ತದೆ. ಹೆಸರಿರುವ ಸ್ಟ್ರಿಪ್ಪೇ ಕೇಳಿ ತನ್ನಿ. ಡಾಕ್ಟರ್ ಹತ್ತಿರ ಹೋಗುವಾಗ ಕಳೆದ ಎರಡು ತಿಂಗಳಲ್ಲಿ ನುಂಗಿದ್ದೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಹಲ್ಲುನೋವಿಗೆ ತಂದಿದ್ದನ್ನೂ ಬಿಡಬೇಡಿ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಬರೆದವರನ್ನು ಕೇಳಿ.

ಎದೆಗುಂಡಿಗೆಯ ಕೆಳಗೆ ಕೊರೆಯುವ ನೋವು, ನಡುರಾತ್ರಿ ಎಬ್ಬಿಸುವ ಉರಿ, ಉಂಡರೆ ಕಡಿಮೆಯಾಗುವುದು ಅಥವಾ ಉಂಡ ಕೂಡಲೇ ಹೆಚ್ಚುವುದು, ಇವು ಸಾಮಾನ್ಯ ಲಕ್ಷಣ. ನೋವಿನ ರೀತಿ ನೋಡಿ ಹುಣ್ಣು ಜಠರದಲ್ಲಿದೆಯೋ, ಸಣ್ಣ ಕರುಳಿನ ಶುರುವಿನಲ್ಲಿದೆಯೋ ಅಂತ ಹೇಳಲಾಗದು. ವಯಸ್ಸಾದವರಲ್ಲಿ ನೋವೇ ಇಲ್ಲದೆ ನೇರ ರಕ್ತಸ್ರಾವ ಶುರುವಾಗುವುದೂ ಉಂಟು.

ಅದಕ್ಕೇ ಮಲದ ಬಣ್ಣ ನೋಡುವುದು ಕಲಿಯಬೇಕು. ರಕ್ತ ಬೆರೆತ ಮಲ ಡಾಂಬರಿನಂತೆ ಕಪ್ಪು, ಜಿಗುಟು. ನೀರು ಸುರಿದರೂ ಬೇಸಿನ್‌ಗೆ ಅಂಟಿರುತ್ತದೆ, ನಾತ ಬೇರೆಯೇ ಬರುತ್ತದೆ. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಹಸಿರುಗಪ್ಪು, ಆ ಜಿಗುಟು ಆ ನಾತ ಇರುವುದಿಲ್ಲ. ಅನುಮಾನವಿದ್ದರೆ ರಕ್ತವೆಂದೇ ತಿಳಿಯಿರಿ. ಡಾಂಬರು ಮಲ, ರಕ್ತದ ಅಥವಾ ಕಾಫಿಪುಡಿಯಂಥ ವಾಂತಿ, ಚಾಕು ಇರಿದಂತೆ ತಟ್ಟನೆ ನೋವೆದ್ದು ಹೊಟ್ಟೆ ಹಲಗೆಯಂತೆ ಬಿಗಿಯಾಗುವುದು: ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ 108ಕ್ಕೆ ಫೋನ್ ಮಾಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ದಾರಿಯಲ್ಲಿ ಹಾಲು, ನಿಂಬೆ ಶರಬತ್ತು ಏನೂ ಕುಡಿಸಬೇಡಿ. ವಾಂತಿ ಆಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಉರಿಯ ಜೊತೆ ಬೆವರು, ಎಡಗೈ ಅಥವಾ ದವಡೆ ನೋವು ಇದ್ದರೆ ಅದು ಗ್ಯಾಸ್ ಅಲ್ಲ, ಹೃದಯಾಘಾತ ಇರಬಹುದು. ಸೋಡಾ ಕುಡಿದು ಕಾಯಬೇಡಿ.

ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ರಕ್ತ ಕಡಿಮೆಯಾಗಿದ್ದರೆ ಅಥವಾ 50 ದಾಟಿದ ಮೇಲೆ ಹೊಸದಾಗಿ ಉರಿ ಶುರುವಾದರೆ ಎಂಡೋಸ್ಕೋಪಿ ಮಾಡಿಸಲೇಬೇಕು. 6ರಿಂದ 8 ತಾಸು ಖಾಲಿ ಹೊಟ್ಟೆ ಇರಬೇಕು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು ಪೈಪು ಇಳಿಸುತ್ತಾರೆ, ಕೆಲವೇ ನಿಮಿಷದ ಕೆಲಸ. ಗಂಟಲಿನ ಮರಗಟ್ಟು ಹೋಗುವ ತನಕ ನೀರು ಕುಡಿದರೆ ಶ್ವಾಸನಾಳಕ್ಕೆ ಇಳಿಯಬಹುದು. ಜಠರದಲ್ಲೇ ಹುಣ್ಣಿದ್ದರೆ ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಲು ಚೂರು ಮಾಂಸ ತೆಗೆಯುತ್ತಾರೆ, ಹುಣ್ಣು ಮಾಯಿತೇ ಎಂದು ಎರಡು-ಮೂರು ತಿಂಗಳಿಗೆ ಮತ್ತೆ ನೋಡಬೇಕಾಗಬಹುದು. ಸಣ್ಣ ಕರುಳಿನ ಹುಣ್ಣು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ.

ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಗುಳಿಗೆಯನ್ನು ನಾಷ್ಟಾಕ್ಕೆ ಅರ್ಧ ತಾಸು ಮುಂಚೆ ನುಂಗಬೇಕು. ಊಟಕ್ಕೆ ಜಠರದ ಆಸಿಡ್ ಪಂಪುಗಳು ಎದ್ದಾಗಲೇ ಅದು ಅವನ್ನು ಹಿಡಿಯುವುದು. ಉಂಡ ಮೇಲೆ ನುಂಗಿದರೆ ಅರ್ಧ ವ್ಯರ್ಥ. ಸಾಮಾನ್ಯವಾಗಿ ಸಣ್ಣ ಕರುಳಿನ ಹುಣ್ಣಿಗೆ 4 ವಾರ, ಜಠರದ್ದಕ್ಕೆ 8 ವಾರ. ಮೂರನೇ ದಿನಕ್ಕೆ ಉರಿ ಹೋಯಿತೆಂದು ಬಿಟ್ಟರೆ ಹುಣ್ಣು ಹಾಗೇ ಇರುತ್ತದೆ.

ಬ್ಯಾಕ್ಟೀರಿಯಾ ಇದ್ದರೆ ಇದರ ಜೊತೆ ಆಂಟಿಬಯಾಟಿಕ್ ಕೋರ್ಸ್, ಸಾಮಾನ್ಯವಾಗಿ 14 ದಿನ. ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಕೂಡಿಸಿ ಬರೆದರೆ ದಿನಕ್ಕೆ ಹತ್ತಕ್ಕೂ ಹೆಚ್ಚು ಗುಳಿಗೆಯಾಗುತ್ತದೆ, ಜನ ಕೈಬಿಡುವುದೇ ಇಲ್ಲಿ. ಬಿಸ್ಮತ್‌ನಿಂದ ನಾಲಿಗೆ, ಮಲ ಕಪ್ಪಾಗುತ್ತದೆ. ಮುಂಚೆಯೇ ತಿಳಿದಿದ್ದರೆ ಗಾಬರಿ ಇಲ್ಲ, ಡಾಂಬರಿನ ಜಿಗುಟು, ನಾತ ಇದ್ದರೆ ಮಾತ್ರ ಓಡಬೇಕು. ಮೆಟ್ರೊನಿಡಜೋಲ್‌ನಿಂದ ಬಾಯಿ ಕಹಿಯಾಗುತ್ತದೆ, ಆ ದಿನಗಳಲ್ಲಿ ಮದ್ಯ ಕೂಡದು. ಟೆಟ್ರಾಸೈಕ್ಲಿನ್ ಅನ್ನು ಹಾಲು, ಮೊಸರಿನ ಜೊತೆ ನುಂಗಿದರೆ ದೇಹಕ್ಕೆ ಹತ್ತುವುದಿಲ್ಲ, ಎರಡು ತಾಸು ಅಂತರವಿರಲಿ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಬೇಡ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಇನ್ನೊಂದು ಕೋರ್ಸಿನಲ್ಲಿ ಅದೇ ಜಾತಿಯ ಅಮಾಕ್ಸಿಸಿಲಿನ್ ಇರುತ್ತದೆ.

ಊಟದ ಬಗ್ಗೆ ಹೇಳುವುದು ಕಡಿಮೆ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ ಯಾವುದೂ ಬಿಡಬೇಕಿಲ್ಲ. ತಿಂದಾಗ ಉರಿಯುವುದನ್ನಷ್ಟೇ ಸದ್ಯ ತಗ್ಗಿಸಿ. ಹಾಲು ಅರೆಗಳಿಗೆ ತಂಪು, ಆಮೇಲೆ ಆಸಿಡ್ ಇನ್ನಷ್ಟು ಸುರಿಯುತ್ತದೆ. ಬೀಡಿ, ಸಿಗರೇಟು ಹುಣ್ಣು ಮಾಯುವುದನ್ನು ನಿಜವಾಗಿ ತಡೆಯುತ್ತವೆ. ಮಾಯುವ ತನಕ ಶ್ರಾವಣದ ಉಪವಾಸ, ರೋಜಾ ಮುಂದಕ್ಕೆ ಹಾಕುವುದು ಲೇಸು. ಮೈಕೈ ನೋವಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಹೊಟ್ಟೆಗೆ ಸುರಕ್ಷಿತ, ಲಿವರ್ ತೊಂದರೆ ಅಥವಾ ಕುಡಿತ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ.

ಕೋರ್ಸ್ ಮುಗಿದ ಮೇಲೆ ಪರೀಕ್ಷೆ ಮಾಡಿಸುವುದನ್ನು ಬಹುತೇಕರು ಮರೆಯುತ್ತಾರೆ. ಕನಿಷ್ಠ 4 ವಾರ ಬಿಟ್ಟು ಮಲದ ಅಥವಾ ಉಸಿರಿನ ಪರೀಕ್ಷೆ ಮಾಡಿಸಿ. ಅದಕ್ಕೆ 2 ವಾರ ಮುಂಚೆ, ಡಾಕ್ಟರನ್ನು ಕೇಳಿ, ಪ್ಯಾಂಟೊಪ್ರಜೋಲ್ ನಿಲ್ಲಿಸಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಅಡಗಿಕೊಂಡು ರಿಪೋರ್ಟ್ ಸುಳ್ಳು ನೆಗೆಟಿವ್ ಬರುತ್ತದೆ. ಆ ದಿನಗಳಲ್ಲಿ ಉರಿ ಬಂದರೆ ಆಂಟಾಸಿಡ್ ಸಿರಪ್ ಸಾಕು. ರಕ್ತದ ಪರೀಕ್ಷೆ ಇದಕ್ಕೆ ನಿಷ್ಪ್ರಯೋಜಕ, ಬ್ಯಾಕ್ಟೀರಿಯಾ ಹೋದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ತೋರಿಸುತ್ತದೆ. ಬ್ಯಾಕ್ಟೀರಿಯಾ ಇನ್ನೂ ಉಳಿದಿದ್ದರೆ ಎರಡನೇ ಸಲ ಬೇರೆ ಆಂಟಿಬಯಾಟಿಕ್ ಕೊಡುತ್ತಾರೆ. ಮೊದಲು ಯಾವುದು ಕೊಟ್ಟಿದ್ದರೆಂದು ತಿಳಿಯಲು ಹಳೆಯ ಚೀಟಿ ಬೇಕು, ಎಸೆಯಬೇಡಿ.