ರಾಡ್ ಹಾಕಿದರೂ ನೀರು ಕಾಯ್ತಿಲ್ಲವೇ? ವೋಲ್ಟು, ಆಂಪು ಅಳೆದು ಲೆಕ್ಕ ಹಾಕಿ

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಸೌದೆ ಒದ್ದೆಯಾದರೆ ಹಂಡೆ ಬಿಟ್ಟು ಬಕೆಟ್ಟಿಗೆ ರಾಡ್ ಇಳಿಬಿಡುವುದು ಮಾಮೂಲು. ರಾಡಿನ ಮೇಲೆ 1500 ವ್ಯಾಟ್ ಎಂದಿರುತ್ತದೆ, ನೀರು ಮಾತ್ರ ಕಾಯುವುದಿಲ್ಲ. ಹೊಸ ರಾಡ್ ತರುವ ಮೊದಲು ವೋಲ್ಟು, ಆಂಪು ಎರಡನ್ನೂ ಅಳೆಯಿರಿ. ತಪ್ಪು ರಾಡಿನದೋ, ಕಂಬದ ಕಡೆಯದೋ, ನಡುವಿನ ವೈರಿನದೋ ಗೊತ್ತಾಗುತ್ತದೆ.

ನಮ್ಮ ಮಾತಿನಲ್ಲಿ ಎಲ್ಲವೂ 'ಕರೆಂಟೇ'. ಲೆಕ್ಕಕ್ಕೆ ಕೂತಾಗ ಮಾತ್ರ ಕರೆಂಟ್ ಎಂದರೆ ಆಂಪು, ಅದನ್ನು ತಳ್ಳುವ ಒತ್ತಡ ವೋಲ್ಟು, ಕರೆಂಟಿಗೆ ಎದುರಾಗುವ ತಡೆ ರೋಧ. ಸೂತ್ರ ಎರಡೇ:

ರೋಧ (ಓಂ) = ವೋಲ್ಟ್ ÷ ಆಂಪ್
ವಿದ್ಯುತ್ ಶಕ್ತಿ (ವ್ಯಾಟ್) = ವೋಲ್ಟ್ × ಆಂಪ್

ಮೊದಲು ರಾಡ್ ಹೇಗಿರಬೇಕು ಎಂದು ನೋಡಿ. 1500 ವ್ಯಾಟ್ ಎಂಬುದು 230 ವೋಲ್ಟಿಗೆ ಹೇಳಿದ ಮಾತು. 1500 ÷ 230 = 6.5 ಆಂಪ್, 230 ÷ 6.5 = ಸುಮಾರು 35 ಓಂ. ಕಾಯಿಲಿನ (ರಾಡಿನೊಳಗೆ ಬಿಸಿಯಾಗುವ ತಂತಿಸುರುಳಿಯ) ರೋಧ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಬದಲಾಗುವುದು ವೋಲ್ಟು.

ಆಂಪು ಅಳೆಯಲು ವೈರನ್ನು ಕತ್ತರಿಸದೆ ಹೊರಗಿನಿಂದಲೇ ಇಕ್ಕಳದಂತೆ ಹಿಡಿಯುವ ಕ್ಲ್ಯಾಂಪ್ ಮೀಟರ್ ಒಳ್ಳೆಯದು. ಅದರ ಬಾಯೊಳಗೆ ಒಂದೇ ವೈರು ಇರಬೇಕು. ಫೇಸ್ (ಕರೆಂಟು ತರುವ ವೈರು), ನ್ಯೂಟ್ರಲ್ (ವಾಪಸ್ ಒಯ್ಯುವ ವೈರು) ಎರಡೂ ಇರುವ ಇಡೀ ಕೇಬಲ್ ಹಿಡಿದರೆ ಸೊನ್ನೆ ತೋರಿಸುತ್ತದೆ, ಏಕೆಂದರೆ ಹೋಗುವ ಕರೆಂಟನ್ನು ಬರುವ ಕರೆಂಟು ಅಳಿಸಿಹಾಕುತ್ತದೆ. ಒಂದು ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಮಾಡಿಸಿ, ಹೊರಗಿನ ಹೊದಿಕೆ ಮಾತ್ರ ಸೀಳಿ, ಒಳಗಿನ ವೈರುಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಳ್ಳಿ. ಒಳ ಇನ್ಸುಲೇಷನ್ ಗೀಚಬಾರದು. ಆಂಪು ತೀರಾ ಕಡಿಮೆಯಿದ್ದರೆ ಅದೇ ವೈರನ್ನು ಕ್ಲ್ಯಾಂಪಿಗೆ ಹತ್ತು ಸುತ್ತು ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ. ವೋಲ್ಟು ಅಳೆಯುವುದು ಸಾದಾ ಮಲ್ಟಿಮೀಟರಿನಲ್ಲಾದರೆ ಅದರ ಕೆಂಪು ವೈರು 10 ಆಂಪಿನ ತೂತಿನಲ್ಲಿ ಉಳಿದಿಲ್ಲ ಎಂದು ಖಚಿತ ಮಾಡಿಕೊಂಡೇ ಸಾಕೆಟ್ಟಿಗೆ ಕಡ್ಡಿ ಹಾಕಿ. ಮರೆತರೆ ನೇರ ಶಾರ್ಟ್, ಮೀಟರೂ ಹೋಗುತ್ತದೆ, ಕೈಯೂ ಸುಡುತ್ತದೆ. ರಾಡ್ ನೀರಿನಲ್ಲಿ ಮುಳುಗಿದ ಮೇಲೆಯೇ ಸ್ವಿಚ್ ಹಾಕಿ. ಸ್ವಿಚ್ ಹಾಕಿರುವಾಗ ಬಕೆಟ್ ಮುಟ್ಟಬೇಡಿ.

ತೋಟದ ಲೈನ್ ಮನೆಯ (ಕೆಲಸಗಾರರ ಸಾಲುಮನೆಯ) ಸಾಕೆಟ್ಟಿನಲ್ಲಿ, ರಾಡ್ ಓಡುತ್ತಿರುವಾಗ 190 ವೋಲ್ಟ್, 5.4 ಆಂಪ್ ಸಿಕ್ಕಿತು ಎನ್ನಿ. 190 ÷ 5.4 = 35 ಓಂ. ಅಂದರೆ ರಾಡ್ ಸರಿಯಿದೆ. ಶಕ್ತಿ 190 × 5.4 = 1026 ವ್ಯಾಟ್. ವೋಲ್ಟು ಆರನೇ ಒಂದು ಭಾಗ ಇಳಿದರೆ ಆಂಪೂ ಅಷ್ಟೇ ಇಳಿಯುತ್ತದೆ, ಗುಣಿಸಿದಾಗ ಏಟು ಎರಡು ಸಲ ಬೀಳುತ್ತದೆ. 15 ಲೀಟರ್ ನೀರನ್ನು 18 ಡಿಗ್ರಿಯಿಂದ 45ಕ್ಕೆ ಏರಿಸಲು 1500 ವ್ಯಾಟಿನಲ್ಲಿ 19 ನಿಮಿಷ ಸಾಕು; 1026ರಲ್ಲಿ 27 ನಿಮಿಷಕ್ಕೂ ಹೆಚ್ಚು.

ಕ್ಲ್ಯಾಂಪ್ ಮೀಟರ್ ಇಲ್ಲವೇ? ಮನೆಯ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂದು ಬರೆದಿರುತ್ತದೆ. 3200 ಎಂದಿದ್ದರೆ, ಉಳಿದದ್ದೆಲ್ಲ ಆಫ್ ಮಾಡಿ ಕೆಂಪು ದೀಪ 20 ಸಲ ಮಿಟುಕಲು ಎಷ್ಟು ಸೆಕೆಂಡು ಎಂದು ಎಣಿಸಿ. 22500 ಅನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 21 ಸೆಕೆಂಡಾದರೆ 1071 ವ್ಯಾಟ್. ಸಾಕೆಟ್ಟಿನ 1026ಕ್ಕಿಂತ ಯಾಕೆ ಹೆಚ್ಚು? ದಾರಿಯಲ್ಲಿ ವೈರು ತಿಂದದ್ದೂ ಇದರಲ್ಲಿ ಸೇರಿದೆ.

ಆ ತಿಂದದ್ದನ್ನೇ ಈಗ ಹಿಡಿಯಬೇಕು. ರಾಡ್ ಆರಿಸದೆ, ಮೀಟರ್ ಬೋರ್ಡಿನಲ್ಲೂ ವೋಲ್ಟ್ ಅಳೆಯಿರಿ. ಹಳ್ಳಿಯ ವೋಲ್ಟೇಜು ನಿಂತಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಎರಡೂ ಕಡೆ ಮೂರು ಮೂರು ಸಲ ನೋಡಿ. ಬೋರ್ಡಿನಲ್ಲಿ 202 ಇದ್ದರೆ ನಡುವೆ 12 ವೋಲ್ಟ್ ಕಳೆದಿದೆ; 12 ÷ 5.4 = 2.2 ಓಂ. 2.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಂ. ಲೈನ್ ಮನೆ 60 ಮೀಟರ್ ದೂರವಾದರೆ ಹೋಗಿಬರುವ ವೈರು 120 ಮೀಟರ್, ಅದಕ್ಕೆ 0.9 ಓಂ. (ಬರುವ ನ್ಯೂಟ್ರಲನ್ನು ಎಣಿಸಲು ಮರೆಯುವವರೇ ಹೆಚ್ಚು. ಅಲ್ಯೂಮಿನಿಯಂ ಆದರೆ 1.6ರಿಂದ ಗುಣಿಸಿ.) ಉಳಿದ 1.3 ಓಂ ಎಲ್ಲಿಂದ ಬಂತು? ಯಾವುದೋ ಜಾಯಿಂಟಿನಿಂದ, ಇಲ್ಲವೇ ಸಡಿಲ ಸ್ಕ್ರೂವಿನಿಂದ. ಅಲ್ಲಿ ಹುಟ್ಟುವ ಬಿಸಿ 5.4 × 5.4 × 1.3 = 38 ವ್ಯಾಟ್. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ 25 ವ್ಯಾಟಿನದೂ ಇರುತ್ತದೆ. ಅದಕ್ಕಿಂತ ಹೆಚ್ಚಿನ ಬಿಸಿ ಟೇಪಿನೊಳಗೆ ಕೂತಿದೆ. ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇದಕ್ಕೆ ಬೀಳುವುದೇ ಇಲ್ಲ, ಅದರ ಲೆಕ್ಕದಲ್ಲಿ 5.4 ಆಂಪ್ ಏನೂ ಅಲ್ಲ. ತಾಮ್ರಕ್ಕೆ ಅಲ್ಯೂಮಿನಿಯಂ ತಿರುಚಿ ಟೇಪು ಸುತ್ತಿದ ಜಾಗವನ್ನು ಮೊದಲು ಹುಡುಕಿ: ಮಲೆನಾಡಿನ ತೇವಕ್ಕೆ ಅದೇ ಬೇಗ ಕೆಡುವುದು. ಮೇನ್ ಆಫ್ ಮಾಡಿಸಿ, ಸರಿಯಾದ ಕನೆಕ್ಟರ್ ಹಾಕಿಸಿ. ಇಂಥ ಕೆಟ್ಟ ಜಾಯಿಂಟನ್ನು ಮಲ್ಟಿಮೀಟರಿನ 'ಬೀಪ್' (ವೈರು ತುಂಡಾಗಿಲ್ಲ ಎಂದು ಕೂಗುವ ಪರೀಕ್ಷೆ) ಹೇಳುವುದಿಲ್ಲ. ಒಂದೆರಡು ಓಂ ಇದ್ದರೂ ಅದು ಕೂಗುತ್ತದೆ.

ರಾಡ್ ಆರಿಸಿದಾಗಲೂ ಬೋರ್ಡಿನಲ್ಲೇ 200ರ ಆಸುಪಾಸು ಇದ್ದರೆ ಅದು ಹೊರಗಿನ ಲೈನಿನ ವಿಷಯ. ದೂರು ಕೊಡಲು ಹಾಸನದವರಾದರೆ ಸೆಸ್ಕ್, ಚಿಕ್ಕಮಗಳೂರಿನವರಾದರೆ ಮೆಸ್ಕಾಂ; ಎರಡು ವಿದ್ಯುತ್ ಕಂಪನಿಗೂ ಫೋನ್ 1912.

ಈ ಲೆಕ್ಕ ಕಾಯಿಲಿಗೆ, ಇಸ್ತ್ರಿಪೆಟ್ಟಿಗೆಗೆ ಸರಿ. 100 ವ್ಯಾಟಿನ ಹಳೆಯ ಬಲ್ಬು ಉರಿಯುವಾಗ 529 ಓಂ. ತಣ್ಣಗಿರುವಾಗ ಅಳೆದರೆ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಎಲ್‌ಇಡಿಗೆ ರೋಧದ ಲೆಕ್ಕವೇ ಬೇಡ. ಪಂಪಿನ ಮೋಟಾರಿಗೆ ವೋಲ್ಟ್ × ಆಂಪ್ ಜೊತೆಗೆ ಪವರ್ ಫ್ಯಾಕ್ಟರಿನಿಂದಲೂ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಗುಣಿಸಬೇಕು: 220 × 6.8 × 0.8 = 1197 ವ್ಯಾಟ್. ತ್ರೀ ಫೇಸ್ ಆದರೆ ಎರಡು ಫೇಸ್ ನಡುವಿನ ವೋಲ್ಟ್ ಹಿಡಿದು, ಕೊನೆಗೆ 1.73ರಿಂದಲೂ ಗುಣಿಸಿ. ಇನ್ನು ಮೋಟಾರು ಹೊರಡುವಾಗ ಐದಾರು ಪಟ್ಟು ಆಂಪು ಎಳೆಯುತ್ತದೆ. ಮೇಲಿನ 2.2 ಓಂ ವೈರಿನಲ್ಲಿ 35 ಆಂಪ್ ಎಳೆಯಲು ಹೋದರೆ 77 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ, ಪಂಪು ತಿರುಗದೆ ಗುಂಯ್‌ಗುಡುತ್ತದೆ. ಆಗ ಕೆಪಾಸಿಟರ್ ಬದಲಿಸುವ ಮುಂಚೆ ಜಾಯಿಂಟು ನೋಡಿ.