ಬಡಾವಣೆ ರಸ್ತೆಯಲ್ಲಿ ಕಾಡುಪ್ರಾಣಿ ಗಾಡಿಗೆ ಸಿಕ್ಕಾಗ: ಮೊದಲ ಅರ್ಧ ಗಂಟೆ

ಬೆಂಗಳೂರಿನ ದಕ್ಷಿಣಕ್ಕೆ, ತುರಹಳ್ಳಿ ಕಾಡಿನಿಂದ ಬನ್ನೇರುಘಟ್ಟದ ಕಡೆಗೆ ಹಬ್ಬಿರುವ ಬಡಾವಣೆಗಳಲ್ಲಿ ಗಾಡಿಗೆ ಸಿಕ್ಕ ಪ್ರಾಣಿಗಳನ್ನು ಎತ್ತಿ ಆಸ್ಪತ್ರೆ ಸೇರಿಸುವ ಕೆಲಸ ನನ್ನದು. ಇಲ್ಲಿ ಸಿಕ್ಕುವುದು ಬಹುತೇಕ ಸಣ್ಣ ಪ್ರಾಣಿಗಳೇ. ಹಗಲಲ್ಲಿ ಮುಂಗುಸಿ, ಕೇರೆಹಾವು, ಕೋತಿ. ಕತ್ತಲಾದ ಮೇಲೆ ಪುನುಗು ಬೆಕ್ಕು, ಮೊಲ, ಗೂಬೆ. ಜಿಂಕೆ, ಕಾಡುಹಂದಿ ಅಪರೂಪಕ್ಕೆ. ಗುದ್ದಿದವರಲ್ಲಿ ಅರ್ಧದಷ್ಟು ಜನ ಹೆದರಿ ಹೋಗಿಬಿಡುತ್ತಾರೆ. ಉಳಿದವರು ನಿಲ್ಲುತ್ತಾರೆ, ಆದರೆ ನೀರು ಕುಡಿಸುತ್ತಾರೆ, ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ, ಸುತ್ತ ಹತ್ತು ಜನ ಟಾರ್ಚ್ ಹಿಡಿಯುತ್ತಾರೆ. ಪೆಟ್ಟು ತಡೆದುಕೊಂಡ ಪ್ರಾಣಿ ಈ ಉಪಚಾರ ತಡೆಯಲಾರದೆ ಹೋಗುವುದುಂಟು. ನಿಂತವರ ಕೈ ಸರಿಯಾದ ಕೆಲಸಕ್ಕೆ ತಿರುಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಗುದ್ದಿದ ಸದ್ದು ಕೇಳಿದೊಡನೆ ಗಾಡಿಯನ್ನು ಹಿಂದಕ್ಕೆ ತೆಗೆಯಬೇಡಿ. ಸಣ್ಣ ಪ್ರಾಣಿ ಚಕ್ರದ ಹಿಂದೆಯೋ ಗಾಡಿಯ ಅಡಿಯಲ್ಲೋ ಇರುತ್ತದೆ, ರಿವರ್ಸ್ ತೆಗೆದಾಗಲೇ ಅದರ ಮೇಲೆ ಚಕ್ರ ಹತ್ತುತ್ತದೆ. ಹಜಾರ್ಡ್ ಲೈಟ್ ಹಾಕಿ, ಎಂಜಿನ್ ಆರಿಸಿ, ಕೀ ತೆಗೆಯಿರಿ. ಕೀ ತೆಗೆಯುವುದನ್ನು ಒತ್ತಿ ಹೇಳಲು ಕಾರಣವಿದೆ: ಹಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ರೇಡಿಯೇಟರ್ ಫ್ಯಾನ್ ತಿರುಗುತ್ತದೆ, ಬಂಪರಿನ ಜಾಲರಿಯಲ್ಲಿ ಪ್ರಾಣಿ ಸಿಕ್ಕಿಕೊಂಡಿದ್ದರೆ ಅದಕ್ಕೂ ನಿಮ್ಮ ಬೆರಳಿಗೂ ಅಪಾಯ. ಇಳಿಯುವ ಮೊದಲು ಹಿಂದೆ ಬರುವ ಗಾಡಿ ನೋಡಿಕೊಳ್ಳಿ. ತ್ರಿಕೋನದ ಪ್ರತಿಫಲಕವನ್ನು ಕನಿಷ್ಠ ಮೂವತ್ತು ಹೆಜ್ಜೆ ಹಿಂದೆ ಇಡಿ. ಸ್ಕೂಟರಿನವರು ಬಿದ್ದಿದ್ದರೆ ಮೊದಲು ಅವರನ್ನು ನೋಡಿ, 112ಕ್ಕೆ ಕರೆ ಮಾಡಿ. ಕಾಡುಹಂದಿಗೆ ಗುದ್ದಿದ ದ್ವಿಚಕ್ರ ಸವಾರರಿಗೆ ತಲೆಗೆ, ಕತ್ತಿನ ಮೂಳೆಗೆ ಜೋರು ಪೆಟ್ಟಾಗಿರಬಹುದು.

ಕೆಲವು ಪ್ರಾಣಿಗಳ ಹತ್ತಿರ ಹೋಗುವ ಪ್ರಶ್ನೆಯೇ ಇಲ್ಲ. ಕಾಡುಹಂದಿ, ಚಿರತೆ, ನರಿ, ಕೋತಿ, ಯಾವುದೇ ಹಾವು. ಗಾಯಗೊಂಡ ಹಂದಿ ಎದ್ದು ನುಗ್ಗಿದರೆ ತೊಡೆ ಸೀಳುತ್ತದೆ. ಚಿರತೆಯಾದರೆ ಗಾಜು ಏರಿಸಿ ಕಾರಿನಲ್ಲೇ ಕೂತು ಕರೆ ಮಾಡಿ, ಹಿಂದೆ ಬರುವವರು ಇಳಿಯದಂತೆ ಹಾರ್ನ್ ಬದಲು ಲೈಟಿನಿಂದ ಎಚ್ಚರಿಸಿ. ಹಾವಿನ ವಿಷಯದಲ್ಲಿ ಇನ್ನೊಂದು ಮಾತು: ತಲೆ ಜಜ್ಜಿ ಸತ್ತಂತೆ ಕಾಣುವ ನಾಗರವೂ ಸ್ವಲ್ಪ ಹೊತ್ತು ಕಚ್ಚಬಲ್ಲದು, ಆ ಕಚ್ಚಿನಲ್ಲಿ ವಿಷವೂ ಇರುತ್ತದೆ. ಎರಡು ಮೀಟರ್ ದೂರ ನಿಂತು ಅದು ಯಾವ ಕಡೆ ಸರಿಯಿತು ಎಂದು ಕಣ್ಣಿಟ್ಟರೆ ಸಾಕು. ಉಳಿದದ್ದು ತರಬೇತಿ ಇರುವವರ ಕೆಲಸ.

ಕರೆ ಮಾಡಬೇಕಾದದ್ದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ. ಅದು ಸಿಗದಿದ್ದರೆ 112. ಬೆಂಗಳೂರಿನಲ್ಲಿ ಉತ್ತರಹಳ್ಳಿ–ಕೆಂಗೇರಿ ರಸ್ತೆಯಲ್ಲಿ ಪೀಪಲ್ ಫಾರ್ ಆನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಹತ್ತಿರದ ಇಂಥ ಆಸ್ಪತ್ರೆಯ ನಂಬರನ್ನೂ ವಲಯ ಅರಣ್ಯಾಧಿಕಾರಿ ಕಚೇರಿಯ ನಂಬರನ್ನೂ ಮೊದಲೇ ಫೋನಿನಲ್ಲಿ ಉಳಿಸಿಕೊಂಡಿರಬೇಕು, ನಡುರಾತ್ರಿ ಹುಡುಕುವಂತಾಗಬಾರದು. ಕರೆಯಲ್ಲಿ ಹೇಳಬೇಕಾದದ್ದು ನಾಲ್ಕೇ: ಯಾವ ಪ್ರಾಣಿ, ಉಸಿರಾಡುತ್ತಿದೆಯೇ, ಹಿಂಗಾಲು ಅಲುಗಾಡುತ್ತಿವೆಯೇ, ಸ್ಥಳ ಎಲ್ಲಿ. ಬಡಾವಣೆಗಳಲ್ಲಿ ಅಡ್ಡರಸ್ತೆಗಳೆಲ್ಲ ಒಂದೇ ಥರ ಕಾಣುವುದರಿಂದ ಪಕ್ಕದ ವಿದ್ಯುತ್ ಕಂಬದ ನಂಬರು ಓದಿ ಹೇಳಿ, ಜೊತೆಗೆ ಲೊಕೇಶನ್ ಕಳಿಸಿ. "ಪಾರ್ಕ್ ಹತ್ರ ಬನ್ನಿ ಸರ್" ಎಂದರೆ ಜೀಪು ಮೂರು ಪಾರ್ಕ್ ಸುತ್ತುತ್ತದೆ. ಯಾರ ಜೊತೆ, ಎಷ್ಟು ಗಂಟೆಗೆ ಮಾತಾಡಿದಿರಿ ಎಂದು ಬರೆದಿಟ್ಟುಕೊಳ್ಳಿ. ಪ್ರಾಣಿಯನ್ನು ನಿಮ್ಮ ಗಾಡಿಯಲ್ಲಿ ಸಾಗಿಸಬೇಕಾಗಿ ಬಂದರೆ ಅವರ ಒಪ್ಪಿಗೆ ಫೋನಿನಲ್ಲೇ ಪಡೆಯಿರಿ.

ಇನ್ನು ಪುನುಗು ಬೆಕ್ಕು. ನಮ್ಮ ಬೀದಿಗಳಲ್ಲಿ ಅತಿ ಹೆಚ್ಚು ಸಿಕ್ಕುವುದು, ಮತ್ತು ಸರಿಯಾಗಿ ಎತ್ತಿದರೆ ಉಳಿಯುವುದು ಇದೇ ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಪೆಟ್ಟು ತಿಂದ ಪುನುಗು ಹೆಚ್ಚಾಗಿ ಒಂದು ಮಗ್ಗುಲಿಗೆ ಬಿದ್ದಿರುತ್ತದೆ. ಬಾಯಿ ಅರೆ ತೆರೆದು, ಮೂಗಿನಲ್ಲಿ ಒಂದೆರಡು ಹನಿ ರಕ್ತ, ಕಣ್ಣು ತೆರೆದೇ ಇರುತ್ತದೆ. ಜನ ಸತ್ತಿದೆ ಎಂದುಕೊಳ್ಳುತ್ತಾರೆ. ಪಕ್ಕೆಲುಬಿನ ಕೊನೆಯಲ್ಲಿ, ಹೊಟ್ಟೆ ಶುರುವಾಗುವ ಜಾಗದಲ್ಲಿ ಒಂದು ನಿಮಿಷ ನೋಡಿ. ಉಸಿರು ಮೇಲ್ಮಟ್ಟದ್ದಾದರೆ ಎದೆಗಿಂತ ಅಲ್ಲಿ ಚೆನ್ನಾಗಿ ಕಾಣುತ್ತದೆ. ಅನುಮಾನವಿದ್ದರೆ ಉದ್ದದ ಕಡ್ಡಿಯ ತುದಿಯಿಂದ ಕಣ್ಣಿನ ಒಳಮೂಲೆಯನ್ನು ಮೆಲ್ಲಗೆ ಮುಟ್ಟಿ. ರೆಪ್ಪೆ ಅದುರಿದರೆ ಜೀವವಿದೆ. ಕೈಯಿಂದ ಮುಟ್ಟಬೇಡಿ. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ ಪುನುಗು ಹತ್ತಿಪ್ಪತ್ತು ನಿಮಿಷದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಎದ್ದು ಕಚ್ಚುತ್ತದೆ. ಅದರ ಹಲ್ಲು ತೊಗಲಿನ ಕೈಗವಸನ್ನೂ ತೂರುತ್ತದೆ.

ಎತ್ತಲು ಬೇಕಾದದ್ದು ದಪ್ಪನೆಯ ಸ್ನಾನದ ಟವೆಲ್, ಒಂದು ಗಟ್ಟಿ ಹಲಗೆ, ಒಂದು ಡಬ್ಬ. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಮೇಲೆ ಹಾಸಿರುವ ಹಲಗೆಯೇ ಆಗುತ್ತದೆ. ಡಬ್ಬಕ್ಕೆ ಸುಮಾರು ಎರಡಡಿ ಉದ್ದ, ಒಂದಡಿ ಅಗಲ ಮತ್ತು ಎತ್ತರದ ರಟ್ಟಿನ ಪೆಟ್ಟಿಗೆ ಸಾಕು, ಕೆಳ ಅರ್ಧದಲ್ಲಿ ಪೆನ್ನಿನಷ್ಟು ದಪ್ಪದ ಎಂಟು ಹತ್ತು ತೂತು. ಮೇಲ್ಭಾಗದಲ್ಲಿ ತೂತು ಮಾಡಿದರೆ ಬೀದಿದೀಪದ ಬೆಳಕು ಕಣ್ಣಿಗೆ ಬಿದ್ದು ಒಳಗಿನದು ಗಾಬರಿಯಾಗುತ್ತದೆ. ತಳಕ್ಕೆ ಹಳೆಯ ಬೆಡ್‌ಶೀಟ್. ದಿನಪತ್ರಿಕೆ ಜಾರುತ್ತದೆ, ಮುರಿದ ಕಾಲು ಇನ್ನಷ್ಟು ಹಿಗ್ಗುತ್ತದೆ.

ಹಿಂದಿನಿಂದ ಹೋಗಿ. ಟವೆಲನ್ನು ಎರಡು ಮಡಿಕೆ ಮಾಡಿ ಮೊದಲು ತಲೆಯ ಮೇಲೆ, ಆಮೇಲೆ ಮೈ ಮೇಲೆ ಬೀಳುವಂತೆ ಹಾಕಿ. ಕಣ್ಣು ಕತ್ತಲಾದೊಡನೆ ಒದ್ದಾಟ ಇಳಿಯುತ್ತದೆ, ಆ ಒಂದು ನಿಮಿಷ ಕಾಯಿರಿ. ನಂತರ ಹಲಗೆಯನ್ನು ಬೆನ್ನಿನ ಕಡೆಯಿಂದ ನೆಲಕ್ಕೆ ತಾಗಿಸಿ ತಂದು, ಟವೆಲ್ ಸಮೇತ ಇಡೀ ದೇಹವನ್ನು ಒಂದೇ ಸಲ ಹಲಗೆಯ ಮೇಲಕ್ಕೆ ಎಳೆದುಕೊಳ್ಳಿ: ಒಂದು ಕೈ ಭುಜದ ಹಿಂದೆ, ಇನ್ನೊಂದು ಸೊಂಟದ ಮೇಲೆ. ಕತ್ತಿನ ತೊಗಲು ಹಿಡಿದು ಎತ್ತುವುದು, ಬಾಲ ಹಿಡಿಯುವುದು ಕೂಡದು. ಬೆನ್ನುಮೂಳೆ ಬಿರುಕು ಬಿಟ್ಟಿದ್ದರೆ ಆ ಎತ್ತುವಿಕೆಯಲ್ಲೇ ಪೂರಾ ಮುರಿಯುತ್ತದೆ. ಹಲಗೆಯಿಂದ ಡಬ್ಬಕ್ಕೆ ಜಾರಿಸಿ ಮುಚ್ಚಳ ಹಾಕಿ ಹಗ್ಗ ಕಟ್ಟಿ. ಸುಸ್ತಾಗಿ ಮಲಗಿದೆ, ಕಟ್ಟುವುದೇಕೆ ಎನ್ನಿಸುತ್ತದೆ. ಎಚ್ಚರವಾದ ಪುನುಗು ಚಲಿಸುವ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಅಡಿಗೆ ನುಗ್ಗಿದರೆ ಅದನ್ನು ಹೊರತೆಗೆಯಲು ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಬೇಕಾಗುತ್ತದೆ.

ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಐದು ನಿಮಿಷ ಬಿಡದೆ ಒತ್ತಿ. ನಡುವೆ ತೆಗೆದು ನೋಡಿದರೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಅರಿಶಿನ, ಕಾಫಿಪುಡಿ ತುಂಬಬೇಡಿ. ವೈದ್ಯರು ಹೊಲಿಗೆ ಹಾಕುವ ಮುನ್ನ ಅದನ್ನೆಲ್ಲ ಉಜ್ಜಿ ತೊಳೆಯಬೇಕಾಗುತ್ತದೆ, ಆ ನೋವು ಪ್ರಾಣಿಯದು.

ಸೇರಿದ ಜನರಲ್ಲಿ ಒಬ್ಬರಾದರೂ "ಅಯ್ಯೋ ಪಾಪ, ಒಂಚೂರು ನೀರು ಬಿಡ್ರೀ ಬಾಯಿಗೆ" ಎಂದೇ ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಇಲ್ಲಿ ಗಟ್ಟಿಯಾಗಿ ಬೇಡ ಎನ್ನಬೇಕು. ತಲೆಗೆ ಪೆಟ್ಟಾದ ಪ್ರಾಣಿಗೆ ನುಂಗುವ ಹಿಡಿತ ಇರುವುದಿಲ್ಲ. ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಮೂಳೆ ಕೂಡಿಕೊಂಡರೂ ನ್ಯುಮೋನಿಯಾದಲ್ಲಿ ಸಾಯುತ್ತದೆ. ಹಾಲು ಇನ್ನೂ ಕೆಟ್ಟದ್ದು. ಮನುಷ್ಯರ ನೋವಿನ ಮಾತ್ರೆ ಮುಟ್ಟಲೇಬೇಡಿ. ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಮನೆಬೆಕ್ಕಿಗೇ ಪ್ರಾಣಾಂತಿಕವಾಗಬಲ್ಲದು, ಪುನುಗಿನ ಮೇಲೆ ಅದನ್ನು ಪರೀಕ್ಷಿಸುವುದು ಬೇಡ.

ಅದಕ್ಕೆ ಬೇಕಾದದ್ದು ಕತ್ತಲು, ಮೌನ, ಬಿಸುಪು. ಆಘಾತದಲ್ಲಿ ಮೈ ಬೇಗ ತಣ್ಣಗಾಗುತ್ತದೆ. ಕೈಗೆ ಹಿತವೆನ್ನಿಸುವಷ್ಟು ಬೆಚ್ಚಗಿನ ನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದೇ ಬದಿಗೆ ಇಡಿ. ಸೆಕೆಯಾದರೆ ಆಚೆ ಸರಿಯಲು ಜಾಗ ಇರಬೇಕು. ದಾರಿಯಲ್ಲಿ ಎಸಿ ಜೋರು ಬೇಡ, ಹಾಡು ಬೇಡ, "ಹೇಗಿದೆ ನೋಡೋಣ" ಎಂದು ಮುಚ್ಚಳ ತೆಗೆಯುವುದು ಬೇಡ. ಡಬ್ಬದ ಮೇಲೆ ಸ್ಥಳ ಮತ್ತು ಸಮಯವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ವಾಸಿಯಾದ ಮೇಲೆ ಅದನ್ನು ಸಿಕ್ಕ ಜಾಗದ ಆಸುಪಾಸಿನಲ್ಲೇ ಬಿಡಬೇಕು, ಬೇರೆಡೆ ಬಿಟ್ಟರೆ ಆಹಾರದ ಮರವೂ ಗೊತ್ತಿಲ್ಲ, ಅಡಗುವ ಜಾಗವೂ ಗೊತ್ತಿಲ್ಲ.

ಸತ್ತಿದ್ದರೂ ಒಂದು ಕೆಲಸ ಉಳಿದಿರುತ್ತದೆ. ಕಡ್ಡಿಯಿಂದ ಹೊಟ್ಟೆಯ ಭಾಗ ತಿರುಗಿಸಿ ನೋಡಿ. ಮೊಲೆತೊಟ್ಟು ಉಬ್ಬಿ, ಸುತ್ತಲ ಕೂದಲು ಉದುರಿದ್ದರೆ ಹಾಲೂಡಿಸುತ್ತಿದ್ದ ತಾಯಿ. ಪುನುಗು ಬಡಾವಣೆಯಲ್ಲಿ ಮರಿ ಹಾಕುವುದು ಹೆಚ್ಚಾಗಿ ಮನೆಗಳ ಅಟ್ಟದಲ್ಲಿ, ಹೆಂಚಿನ ಸಂದಿಯಲ್ಲಿ, ಫಾಲ್ಸ್ ಸೀಲಿಂಗ್ ಮೇಲೆ. ಆ ರಾತ್ರಿ, ಮರುದಿನ ಅಕ್ಕಪಕ್ಕದ ಮನೆಯವರಿಗೆ ಅಟ್ಟದಲ್ಲಿ ಸಣ್ಣ ಕೂಗು ಕೇಳಿದರೆ ತಿಳಿಸಲು ಹೇಳಿ ಬನ್ನಿ. ಈ ಒಂದು ಮಾತಿನಿಂದ ಮರಿಗಳು ಉಳಿಯುತ್ತವೆ.

ಜಿಂಕೆಗೆ ಈ ಕ್ರಮ ಯಾವುದೂ ಹೊಂದುವುದಿಲ್ಲ. ಹಿಡಿಯಲು ಓಡಿಸಿದರೆ, ಹಗ್ಗ ಹಾಕಿದರೆ, ಭಯಕ್ಕೆ ಅದರ ಸ್ನಾಯುಗಳೇ ಒಡೆದು ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ. ಮೇಲ್ನೋಟಕ್ಕೆ ಗಾಯವಿಲ್ಲದ ಜಿಂಕೆಯೂ ಒಂದೆರಡು ದಿನದಲ್ಲಿ ಸಾಯಬಹುದು. ನಿಂತಿದ್ದರೆ ಬಿಟ್ಟುಬಿಡಿ, ನಾಯಿಗಳನ್ನು ದೂರ ಓಡಿಸಿ, ಹೋದ ದಿಕ್ಕು ನೋಡಿಕೊಳ್ಳಿ. ಎಚ್ಚರ ತಪ್ಪಿ ಬಿದ್ದಿದ್ದರೆ ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನ ಹಿಂದಿನಿಂದ, ಅದರ ಎದೆ ನೆಲಕ್ಕೆ ತಾಗಿ ಕೂರುವಂತೆ ಆನಿಸಿ: ಕತ್ತು ಎತ್ತರಕ್ಕೆ, ಮೂತಿ ಕೆಳಕ್ಕೆ. ಮೆಲುಕು ಹಾಕುವ ಪ್ರಾಣಿ ಮಗ್ಗುಲಾಗಿ ಬಹಳ ಹೊತ್ತು ಬಿದ್ದಿದ್ದರೆ ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಉಸಿರು ಕಟ್ಟುತ್ತದೆ. ಕಾಲುಗಳಿಂದ ದೂರವಿರಿ, ಗೊರಸಿನ ಒದೆ ಚಾಕುವಿನಷ್ಟೇ ಆಳ ಹೋಗುತ್ತದೆ.

ಕೇಸ್ ಆಗುತ್ತದೆಂಬ ಭಯದ ಬಗ್ಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಬಿದ್ದ ಅಥವಾ ಅಚಾತುರ್ಯದಿಂದ ಸತ್ತ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದು ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಅತಿವೇಗದಲ್ಲಿ ಓಡಿಸಿದ್ದರೆ ವಿಚಾರಣೆ ಎದುರಿಸಬೇಕಾಗಬಹುದು. ಆದರೆ ನೀವೇ ಕರೆ ಮಾಡಿದ ದಾಖಲೆ ನಿಮ್ಮ ಪರವಾಗಿ ನಿಲ್ಲುತ್ತದೆ, ಓಡಿಹೋದರೆ ಆಮೇಲೆ ಸಿಸಿಟಿವಿ ಮಾತಾಡುತ್ತದೆ. ಕಾಡುಹಂದಿಯ ಮಾಂಸ, ಮುಳ್ಳುಹಂದಿಯ ಮುಳ್ಳು, ಸತ್ತ ನವಿಲಿನ ಗರಿ, ಯಾವುದನ್ನೂ ಮನೆಗೆ ಒಯ್ಯಬೇಡಿ. ಅಪಘಾತ ಅಪರಾಧವಾಗಿ ತಿರುಗುವುದು ಅಲ್ಲೇ.

ಗಾಡಿಯನ್ನು ಕದಲಿಸುವ ಮೊದಲು ಬಂಪರ್, ನಂಬರ್ ಪ್ಲೇಟ್, ರಸ್ತೆ ಮೂರೂ ಕಾಣುವಂತೆ ಫೋಟೊ ತೆಗೆಯಿರಿ. ಕೆಳಗೆ ಹಸಿರು ಅಥವಾ ಗುಲಾಬಿ ಬಣ್ಣದ ದ್ರವ ಸೋರುತ್ತಿದ್ದರೆ ಅದು ಎಂಜಿನ್ ತಂಪಾಗಿಡುವ ಕೂಲೆಂಟ್; ಅದರಲ್ಲಿ ಮನೆ ತನಕ ಓಡಿಸಿದರೆ ಎಂಜಿನ್ ಹೆಡ್ ಗ್ಯಾಸ್ಕೆಟ್ ಹೋಗಬಹುದು. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಟೈರಿಗೆ ಉಜ್ಜುತ್ತಿದೆಯೇ ನೋಡಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಗಾಡಿಯ ಖರ್ಚು ಸಿಗದು, ಕಾಂಪ್ರಹೆನ್ಸಿವ್ ಇದ್ದರೆ ಸಿಗುತ್ತದೆ. ಬರೀ ಬಂಪರ್ ಸೀಳಿದ್ದರೆ ಕ್ಲೇಮಿಗಿಂತ ನೋ ಕ್ಲೇಮ್ ಬೋನಸ್ ಉಳಿಸಿಕೊಳ್ಳುವುದೇ ಲಾಭ ಆಗಿರಬಹುದು, ಲೆಕ್ಕ ಹಾಕಿ.

ಕಚ್ಚಿದರೆ ಅಥವಾ ಪರಚಿದರೆ ಅಲ್ಲೇ ಹರಿಯುವ ನೀರಲ್ಲಿ ಸೋಪು ಹಚ್ಚಿ ಪೂರ್ತಿ ಹದಿನೈದು ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಸಸ್ತನಿ ಯಾವುದಾದರೂ ರೇಬಿಸ್ ಹೊತ್ತಿರಬಹುದು. ಚರ್ಮದೊಳಗೆ ಕೊಡುವ ಲಸಿಕೆಯ ಕ್ರಮ 0, 3, 7, 28ನೇ ದಿನ. ರಕ್ತ ಬಂದ ಗಾಯಕ್ಕೆ ಮೊದಲ ದಿನವೇ ಇಮ್ಯುನೊಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಕೇಳಿ ಪಡೆಯಿರಿ. ಮಲೆನಾಡಿನವರಿಗೆ ಇನ್ನೊಂದು ಎಚ್ಚರ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ, ಸತ್ತ ಮಂಗನ ಮೈಯಿಂದ ಉಣ್ಣೆಗಳು ಇಳಿದು ಸುತ್ತಲ ನೆಲದಲ್ಲಿ ಹರಡಿಕೊಳ್ಳುತ್ತವೆ. ಗಾಡಿಗೆ ಸಿಕ್ಕು ಸತ್ತ ಮಂಗನನ್ನು ಎಳೆದು ಬದಿಗೆ ಹಾಕುವುದೂ ಬೇಡ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಣ್ಣಿಗೆ ಬಿದ್ದು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ನಿಲ್ಲಲು ಸುಮಾರು 45 ಮೀಟರ್ ಬೇಕು. 40ರಲ್ಲಿ 26 ಮೀಟರ್, 30ರಲ್ಲಿ 18 ಮೀಟರ್ ಒಳಗೆ. ಡಿಮ್ ಲೈಟ್ ಚೆನ್ನಾಗಿ ತೋರಿಸುವುದು ಹೆಚ್ಚೆಂದರೆ 40 ಮೀಟರ್. ಅಂದರೆ 60ರಲ್ಲಿ ಓಡುವವರು ಕಂಡ ಮೇಲೆ ನಿಲ್ಲಿಸಲಾರರು. ಕಾಂಪೌಂಡ್ ಮೇಲೆ ಕೊಂಬೆಗಳು ಬಾಗಿರುವ ಕಡೆ, ಖಾಲಿ ಸೈಟಿನ ಪಕ್ಕ, ರಾಜಕಾಲುವೆ ಸೇತುವೆ ಬಳಿ ಪುನುಗು, ಮುಂಗುಸಿ ಒಂದೇ ಜಾಗದಲ್ಲಿ ದಾಟುತ್ತವೆ. ಜಾಗ, ಸಮಯ, ಪ್ರಾಣಿ ಬರೆದ ಪಟ್ಟಿಯೊಂದಿಗೆ, ಒಂದೇ ಕಂಬದ ನಂಬರು ಮೂರ್ನಾಲ್ಕು ಸಲ ಬಂದಿರುವುದನ್ನು ತೋರಿಸಿ, ಕ್ಷೇಮಾಭಿವೃದ್ಧಿ ಸಂಘದ ಮೂಲಕ ವಾರ್ಡ್ ಎಂಜಿನಿಯರಿಗೆ ಹಂಪ್ ಕೇಳಿ ಅರ್ಜಿ ಕೊಡಿ. ಬರೀ "ಪ್ರಾಣಿಗಳು ಸಾಯುತ್ತಿವೆ" ಎಂದು ಬರೆದ ಅರ್ಜಿಗಿಂತ ಈ ಪಟ್ಟಿ ಇರುವ ಅರ್ಜಿಗೆ ಉತ್ತರ ಬೇಗ ಬರುತ್ತದೆ.