‘ಕುಸುಮಬಾಲೆ’ ಅರ್ಧಕ್ಕೇ ಬಿಟ್ಟವರಿಗೆ

ಈಚೆಗೆ ನನಗೆ ತುಂಬಾ ಹಿಡಿಸಿದ್ದು ದೇವನೂರ ಮಹಾದೇವ ಅವರ ಕಾದಂಬರಿ ‘ಕುಸುಮಬಾಲೆ’. ಪುಸ್ತಕ ತೆಳ್ಳಗಿದೆ. ನಂಜನಗೂಡು ಕಡೆಯ ಆಡುಮಾತು, ಹಾಗಾಗಿ ಎಷ್ಟೋ ಜನ ನಾಲ್ಕು ಪುಟಕ್ಕೇ ಮಡಚಿಡ್ತಾರೆ. ಸುಮ್ನೆ ಕಣ್ಣಾಡಿಸಬೇಡಿ, ಬಾಯಿಬಿಟ್ಟು ಓದಿ. ಮನೆಯಲ್ಲಿ ಆ ಕಡೆಯ ಅಜ್ಜಿಯೋ ಅತ್ತೆಯೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಿಳಿಯದ ಮಾತನ್ನು ಅವರೇ ಬಿಡಿಸಿ ಹೇಳುತ್ತಾರೆ. ರಾತ್ರಿ ಜೋತಮ್ಮಗಳು, ಅಂದರೆ ಮನೆಮನೆಯ ದೀಪದ ಜ್ಯೋತಿಗಳು, ಸೇರಿ ಹರಟುವ ಭಾಗವಂತೂ ಹಾಗೆ ಓದಿದರೇ ರುಚಿ. ಒಂದೇ ಏಟಿಗೆ ಮುಗಿಸಲು ಹೋಗಬೇಡಿ.

ಟೀವಿಯಲ್ಲಿ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಮತ್ತೆ ನೋಡಿದೆ. ಮಕ್ಕಳಿಗೆ ತೋರಿಸುವುದಾದರೆ ಮೊದಲು ‘ಸ್ವಾಮಿ’ ಕಂತುಗಳು. ಆಮೇಲೆ ಮೈಸೂರಿನ ಯಾದವಗಿರಿಯಲ್ಲಿ ಈ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಮನೆಗೆ ಕರೆದುಕೊಂಡು ಹೋಗಿ, ಈಗದು ಮ್ಯೂಸಿಯಂ.

ಪಾಡ್‌ಕಾಸ್ಟ್ ಕೇಳುವವರು ಬೆಂಗಳೂರು ರೈಲು ಹತ್ತುವ ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಿ. ದಾರಿಯಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ.